ಹೆಂಚಿನ ಕಾರ್ಖಾನೆಯೊಳಗೆ ನಾಟಕ: ರಿಹರ್ಸಲ್ ಅಲ್ಲೇ ಶುರು ಮಾಡುವುದಾ, ಹಾಲ್‌ನಲ್ಲಿ ಮುಗಿಸಿ ಹೋಗುವುದಾ?

ಹೊಗೆಗೂಡು (ಮಂಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮದು ಹವ್ಯಾಸಿ ತಂಡ. ಹಗಲು ಬ್ಯಾಂಕು, ಶಾಲೆ, ವರ್ಕ್‌ಶಾಪು ಅಂತ ದುಡಿದು ಸಂಜೆ ಸೇರುವವರು. ಇಷ್ಟು ವರ್ಷ ಪುರಭವನ, ಡಾನ್ ಬಾಸ್ಕೊ ಹಾಲ್, ಇಲ್ಲವಾದರೆ ಯಾವುದಾದರೂ ಶಾಲೆಯ ವೇದಿಕೆ ಅಂತ ಮಾಡಿಕೊಂಡು ಬಂದವರು. ಈ ಸಲ ನೇತ್ರಾವತಿ ಬದಿಯಲ್ಲಿ ಮುಚ್ಚಿಹೋದ ಒಂದು ಹೆಂಚಿನ ಕಾರ್ಖಾನೆಯ ಶೆಡ್ಡು ಸಿಕ್ಕಿದೆ. ಬಾಡಿಗೆ ಬೇಡವಂತೆ, ಗುಡಿಸಿ ಚೊಕ್ಕ ಮಾಡಿ ವಾಪಸ್ ಕೊಟ್ಟರೆ ಸಾಕಂತೆ.

ಶೆಡ್ಡು ಉದ್ದಕ್ಕೆ ನಲವತ್ತು ಮೀಟರ್ ಹತ್ತಿರ ಉಂಟು, ಅಗಲ ಹನ್ನೆರಡು. ಎರಡು ಸಾಲು ಕಂಬ. ಒಂದು ತುದಿಯಲ್ಲಿ ಹೆಂಚು ಸುಡುವ ಗೂಡಿನ ಕಮಾನುಗಳು, ಮಸಿ ಹಿಡಿದು ಕಪ್ಪಾಗಿವೆ. ಮೇಲೆ ಹಸಿ ಹೆಂಚು ಒಣಗಿಸುತ್ತಿದ್ದ ಮರದ ಅಟ್ಟ. ಪಡುವಣ ಬದಿಗೆ ಗೋಡೆಯೇ ಇಲ್ಲ, ಹೊಳೆ ಕಾಣುತ್ತದೆ. ನಾಟಕ ನಮ್ಮದೇ ಹೊಸ ಸ್ಕ್ರಿಪ್ಟ್, ಕಾರ್ಖಾನೆ ಮುಚ್ಚುವ ಮೊದಲಿನ ಕೆಲವು ವಾರಗಳ ಕಥೆ. ಡಿಸೆಂಬರ್ ಕೊನೆಗೆ ಪ್ರಯೋಗ, ಎಂಬತ್ತು ಜನ ಪ್ರೇಕ್ಷಕರು ಸಾಕು.

ತಂಡದಲ್ಲಿ ಈಗ ಎರಡು ಪಕ್ಷ ಆಗಿದೆ. ಮೊದಲು ನಮ್ಮ ಮಾಮೂಲಿ ಶಾಲೆಯ ಹಾಲ್‌ನಲ್ಲಿ ನಾಟಕ ಕಟ್ಟಿ, ಕೊನೆಯ ಹತ್ತು ದಿನ ಶೆಡ್ಡಿಗೆ ಹೋಗುವ ಅಂತ ಕೆಲವರು. ಮೊದಲ ದಿನದಿಂದ ಅಲ್ಲೇ ಆಗಬೇಕು ಅಂತ ಉಳಿದವರು. ಇಂಥ ಜಾಗದಲ್ಲಿ ಮಾಡಿದ ಅನುಭವ ಇದ್ದವರು ಹೇಳಿ. ಸ್ವರ, ಬೆಳಕು, ಜನರನ್ನು ಕೂರಿಸುವುದು, ಯಾವುದರ ಬಗ್ಗೆ ಬೇಕಾದರೂ.

ನೇಪಥ್ಯದವ (ಉಡುಪಿ)

ಹಾಲ್‌ನಲ್ಲೇ ಶುರು ಮಾಡಿ ಮಾರಾಯ್ರೆ. ಹೇಳುವುದಕ್ಕೆ ರೋಮ್ಯಾಂಟಿಕ್ ಆಗಿರುವುದಿಲ್ಲ, ಆದರೆ ಸತ್ಯ. ಹವ್ಯಾಸಿ ತಂಡಕ್ಕೆ ಸಿಗುವುದು ದಿನಕ್ಕೆ ಎರಡು ಗಂಟೆ. ಅದರಲ್ಲಿ ಅರ್ಧ ಗಂಟೆ ಲೈಟ್ ಎಳೆಯುವುದಕ್ಕೆ, ಕಾಲು ಗಂಟೆ ಸೊಳ್ಳೆಗೆ ಬೈಯುವುದಕ್ಕೆ, ಇನ್ನು ಕಾಲು ಗಂಟೆ ದಾರಿ ತಪ್ಪಿದವನನ್ನು ಫೋನಿನಲ್ಲಿ ಕರೆತರುವುದಕ್ಕೆ ಹೋದರೆ ಮಾತು ಬಾಯಿಪಾಠ ಆಗುವುದು ಯಾವಾಗ? ಎಂ.ಜಿ.ಎಂ. ಕಾಲೇಜಿನ ಮುದ್ದಣ ಮಂಟಪದಲ್ಲಿ ಸ್ಪರ್ಧೆಗೆ ಬರುವ ತಂಡಗಳನ್ನು ವರ್ಷಗಟ್ಟಲೆ ಸೈಡಿನಿಂದ ನೋಡಿದವ ನಾನು. ಮಾತು ಬಾಯಿಗೆ ಬಾರದ ನಟನಿಗೆ ಯಾವ ಜಾಗವೂ ಸಹಾಯ ಮಾಡುವುದಿಲ್ಲ.

ಶೆಡ್ಡಿನ ಅಳತೆ ತಂದು ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯಿರಿ. ಕಂಬದ ಜಾಗದಲ್ಲಿ ಕುರ್ಚಿ ಇಡಿ. ಮುಗಿಯಿತು.

ಬಯಲುಸೀಮೆಯಿಂದ ಬಂದವ (ಸುರತ್ಕಲ್)

ಮಾತಿನ ಮಟ್ಟಿಗೆ ನೇಪಥ್ಯದವರು ಹೇಳಿದ್ದು ಸರಿ. ಚಲನೆಯ ಮಟ್ಟಿಗೆ ಒಪ್ಪುವುದಿಲ್ಲ.

ಲೆಕ್ಕ ಹಾಕಿ ನೋಡಿ. ಮಾಮೂಲಿ ವೇದಿಕೆ ಮೂವತ್ತು ಅಡಿ ಅಗಲ. ಈ ವಿಂಗಿನಿಂದ ಆ ವಿಂಗಿಗೆ ಏಳೆಂಟು ಸೆಕೆಂಡು. ನಲವತ್ತು ಮೀಟರ್ ಶೆಡ್ಡಿನ ತುದಿಯಿಂದ ತುದಿಗೆ ಸಾಧಾರಣ ನಡಿಗೆಯಲ್ಲಿ ಅರ್ಧ ನಿಮಿಷ ಬೇಕು. ಅರ್ಧ ನಿಮಿಷ ಒಬ್ಬ ಮನುಷ್ಯ ಸುಮ್ಮನೆ ನಡೆದುಕೊಂಡು ಬರುವುದನ್ನು ಎಂಬತ್ತು ಜನ ನೋಡುತ್ತಾರೆ. ನಾಟಕದಲ್ಲಿ ಅದು ಬಹಳ ದೊಡ್ಡ ಸಮಯ. ಒಂದೋ ಆ ನಡಿಗೆಯೇ ದೃಶ್ಯ ಆಗಬೇಕು, ಇಲ್ಲವೇ ಅವನು ಹೊರಡುವಾಗಲೇ ಇನ್ನೊಬ್ಬ ಮಾತು ಶುರು ಮಾಡಿರಬೇಕು. ಇದನ್ನು ಮೈದಾನದ ಸುಣ್ಣದ ಗೆರೆ ಹೇಳಿಕೊಡುವುದಿಲ್ಲ. ಮೈದಾನದಲ್ಲಿ ಮೇಲೆ ಮಾಡು ಇಲ್ಲ, ಕತ್ತಲೆ ಇಲ್ಲ, ಕಂಬದ ಹಿಂದೆ ಮರೆಯಾಗಿ ಮತ್ತೆ ಕಾಣಿಸಿಕೊಳ್ಳುವ ದೇಹ ಇಲ್ಲ. ಕುರ್ಚಿಯ ಆಚೆ ನಿಂತವ ಕಾಣುತ್ತಾನೆ, ಕಂಬದ ಆಚೆ ನಿಂತವ ಕಾಣುವುದಿಲ್ಲ. ಅಷ್ಟೇ ವ್ಯತ್ಯಾಸ, ಆದರೆ ಇಡೀ ಬ್ಲಾಕಿಂಗ್, ಅಂದರೆ ಯಾರು ಎಲ್ಲಿ ನಿಲ್ಲಬೇಕು, ಎಲ್ಲಿಗೆ ನಡೆಯಬೇಕು ಅನ್ನುವುದು, ನಿಂತಿರುವುದು ಅದರ ಮೇಲೆ.

ಓದು, ಪಾತ್ರ ಹಂಚುವುದು, ಬಾಯಿಪಾಠ ಎಲ್ಲ ಶಾಲೆಯಲ್ಲಿ ಮಾಡಿ. ಎದ್ದು ನಿಂತು ಮಾಡುವ ಮೊದಲ ದಿನವೇ ಶೆಡ್ಡಿಗೆ ಹೋಗಿ. ಹಾಲ್‌ನಲ್ಲಿ ಒಮ್ಮೆ ಕಾಲಿಗೆ ಕೂತ ಹೆಜ್ಜೆಯನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಚೌಕಿಮನೆ (ಕಟೀಲು ಕಡೆ)

ನಿಮ್ಮ ಚರ್ಚೆ ಓದಿ ನಗು ಬಂತು. ನಮ್ಮ ಊರಿನಲ್ಲಿ "ವಿಶೇಷ ಜಾಗ" ಅಂದರೆ ಪರದೆ ಕಟ್ಟಿದ ಹಾಲ್. ಗದ್ದೆಯಲ್ಲಿ, ದೇವಸ್ಥಾನದ ಎದುರು, ಮನೆ ಅಂಗಳದಲ್ಲಿ ರಾತ್ರಿ ಯಕ್ಷಗಾನದ ಆಟ ಆಡಿದವರು ನಾವು. ದೀಪಾವಳಿ ಕಳೆದು ಹೊರಟ ಮೇಳ ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಇವತ್ತು ಒಂದು ಊರು, ನಾಳೆ ಇನ್ನೊಂದು. ಯಾರು ಹೋಗಿ ಗದ್ದೆಯಲ್ಲಿ ರಿಹರ್ಸಲ್ ಮಾಡಿದ್ದಾರೆ? ಸಂಜೆ ಲಾರಿ ಬರುತ್ತದೆ, ನಾಲ್ಕು ಕಂಬ ನೆಡುತ್ತಾರೆ, ರಾತ್ರಿ ಚೆಂಡೆ ಬೀಳುತ್ತದೆ.

ನಿಮ್ಮ ಹುಡುಗರಿಗೆ ಒಂದು ರಾತ್ರಿ ಬಯಲಾಟ ತೋರಿಸಿ, ಜಾಗದ ಹೆದರಿಕೆ ಹೋಗುತ್ತದೆ.

ಬಯಲುಸೀಮೆಯಿಂದ ಬಂದವ (ಸುರತ್ಕಲ್)

ಮಾಷ್ಟ್ರೆ, ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಬಯಲಾಟದ ಉದಾಹರಣೆ ಇಲ್ಲಿ ಅರ್ಧ ಮಾತ್ರ ಕೂಡಿಬರುತ್ತದೆ. ನಾಲ್ಕು ಕಂಬ ನೆಟ್ಟ ಕೂಡಲೇ ರಂಗಸ್ಥಳ ಆಯಿತು. ಹಾಡುವ ಭಾಗವತರು ಹಿಂದೆ, ನಡುವೆ ಕೂರಲಿಕ್ಕೆ ಒಂದು ರಥ, ಪ್ರೇಕ್ಷಕರು ಮೂರು ಕಡೆ, ಬಣ್ಣ ಹಚ್ಚುವ ಚೌಕಿ ಹಿಂಬದಿ. ಅದು ಬಜಪೆಯ ಗದ್ದೆಯಾದರೂ ಅದೇ, ಪೊಳಲಿಯ ಅಂಗಳವಾದರೂ ಅದೇ. ಯಕ್ಷಗಾನ ತನ್ನ ಜಾಗವನ್ನು ಲಾರಿಯಲ್ಲಿ ಹೊತ್ತುಕೊಂಡೇ ತಿರುಗುತ್ತದೆ. ಕಲಾವಿದನಿಗೆ ಪ್ರಸಂಗ ಗೊತ್ತು, ನಡೆ ಗೊತ್ತು, ಎಲ್ಲಿ ನಿಂತರೆ ಭಾಗವತರ ಕಣ್ಣು ಸಿಗುತ್ತದೆ ಅಂತ ಗೊತ್ತು. ಅದಕ್ಕೇ ಗದ್ದೆಯಲ್ಲಿ ರಿಹರ್ಸಲ್ ಬೇಡ.

ಹೊಗೆಗೂಡು ತಂಡದ ಹತ್ತಿರ ಆ ನಾಲ್ಕು ಕಂಬ ಇಲ್ಲ. ಇರುವ ಕಂಬಗಳು ಹೆಂಚು ಹೊರಲಿಕ್ಕೆ ನೆಟ್ಟದ್ದು. ಎಲ್ಲಿ ನಿಲ್ಲುವುದು, ಎಲ್ಲಿಂದ ಬರುವುದು, ಎಲ್ಲವನ್ನೂ ಅಲ್ಲಿಯೇ ಕಂಡುಹಿಡಿಯಬೇಕು.

ಚೌಕಿಮನೆ (ಕಟೀಲು ಕಡೆ)

ಮಾತು ಚೆನ್ನಾಗಿದೆ, ಒಪ್ಪುವುದಿಲ್ಲ. ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುತ್ತಾನಾ? ಜನರ ಹಿಂದೆ ಎಲ್ಲೋ ದೂರದಲ್ಲಿ ದೊಂದಿ ಹೊತ್ತಿಕೊಳ್ಳುತ್ತದೆ, ಗದ್ದೆಯ ಹುಣಿ ಹಾರಿ, ಜನರ ನಡುವೆ ದಾರಿ ಮಾಡಿಕೊಂಡು ಬೊಬ್ಬೆ ಹೊಡೆಯುತ್ತಾ ಬರುತ್ತಾನೆ. ನಿದ್ರೆ ಹೋದ ಮಕ್ಕಳೆಲ್ಲ ಎದ್ದು ಕೂರುತ್ತವೆ. ಆ ಪ್ರವೇಶ ಪ್ರತಿ ಊರಿನಲ್ಲಿ ಬೇರೆ. ಇಲ್ಲಿ ತೆಂಗಿನ ತೋಟದಿಂದ, ಅಲ್ಲಿ ಗುಡ್ಡದಿಂದ, ಇನ್ನೊಂದು ಕಡೆ ರಸ್ತೆಯಿಂದ. ವೇಷಧಾರಿ ಸಂಜೆ ಬಂದು ಆ ದಾರಿಯನ್ನು ಒಮ್ಮೆ ನಡೆದು ನೋಡುತ್ತಾನೆ, ಗುಂಡಿ ಎಲ್ಲುಂಟು, ಬೇಲಿ ಎಲ್ಲುಂಟು ಅಂತ. ನೀವು ಹೇಳುವ ರಿಹರ್ಸಲ್ ಅದೇ, ನಾವು ಅದಕ್ಕೆ ಹೆಸರು ಇಟ್ಟಿಲ್ಲ ಅಷ್ಟೆ.

ಬಯಲುಸೀಮೆಯಿಂದ ಬಂದವ (ಸುರತ್ಕಲ್)

ಇದು ನನಗೆ ಹೊಳೆದಿರಲಿಲ್ಲ ಮಾಷ್ಟ್ರೆ. ಒಪ್ಪಿದೆ. ಅಂದರೆ ನೀವೂ ದಾರಿಯನ್ನು ಆ ಜಾಗದಲ್ಲೇ ನಡೆದು ನೋಡಬೇಕು ಅನ್ನುವ ಪಕ್ಷವೇ ಆಯಿತಲ್ಲ 🙂

ಓಡಿನ ಮಾಡು (ಮಂಗಳೂರು)

ರಂಗಭೂಮಿ ನನಗೆ ಗೊತ್ತಿಲ್ಲ, ಕಟ್ಟಡ ಗೊತ್ತು. ಹಳೇ ಹೆಂಚಿನ ಮನೆಗಳ ರಿಪೇರಿ ನನ್ನ ಕಸುಬು. ನಾಟಕದ ಮಾತಿಗೆ ಮೊದಲು ಮಾಡಿನ ಮಾತು ಆಗಲಿ.

ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಮೊದಲ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಆಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ದಡದುದ್ದಕ್ಕೂ ಕಾರ್ಖಾನೆಗಳೆದ್ದವು. ಆವೆಮಣ್ಣು ದೋಣಿಯಲ್ಲಿ ಬರಬೇಕು, ಸುಟ್ಟ ಹೆಂಚು ದೋಣಿಯಲ್ಲೇ ಬಂದರಿಗೆ ಹೋಗಬೇಕು, ಅದಕ್ಕೆ ಹೊಳೆ ಬದಿ. ಗೂಡಿನ ಬಿಸಿ ಮೇಲೇರಿ ಹಸಿ ಹೆಂಚು ಒಣಗಲಿ ಅಂತ ಅಟ್ಟದ ನೆಲವನ್ನು ಸಂದುಬಿಟ್ಟು ಹಲಗೆ ಹೊಡೆದು ಮಾಡುತ್ತಿದ್ದರು. ಗೂಡು ಉರಿಯುವಷ್ಟು ಕಾಲ ಆ ಮರ ಒಣಗಿಕೊಂಡು ಗಟ್ಟಿ ಇತ್ತು. ಬೆಂಕಿ ಆರಿದ ಮೇಲೆ ನಮ್ಮ ಮಳೆಗಾಲದ ತಂಡಿ ಒಳಗೆ ಹೊಕ್ಕಿತು, ಗೆದ್ದಲು ಬಂತು. ಹೊರಗಿನಿಂದ ಗಟ್ಟಿ ಕಾಣುತ್ತದೆ, ಚೂರಿ ತಾಗಿಸಿದರೆ ಹಿಡಿವರೆಗೆ ಇಳಿಯುತ್ತದೆ.

ಅಟ್ಟದ ಮೇಲೆ ನಟರನ್ನು ಹತ್ತಿಸುವ ಆಸೆ ಬಂದೇ ಬರುತ್ತದೆ ನಿಮಗೆ. ಹತ್ತಿಸಬೇಡಿ. ಅದರ ಅಡಿಯಲ್ಲಿ ಪ್ರೇಕ್ಷಕರನ್ನು ಕೂರಿಸುವುದೂ ಬೇಡ. ಹೆಂಚು ಕೂರುವ ಮರದ ಪಟ್ಟಿ, ಅಂದರೆ ರೀಪು, ಕುಂಬಾದ ಕಡೆ ಹೆಂಚು ಜಾರಿ ನಿಂತಿರುತ್ತದೆ. ಒಂದು ಮಂಗಳೂರು ಹೆಂಚು ಎರಡೂವರೆ ಕಿಲೋ ಆಸುಪಾಸು, ಇಪ್ಪತ್ತು ಅಡಿಯಿಂದ ಬಿದ್ದರೆ ಹೆಲ್ಮೆಟ್ಟೂ ಸಾಲದು. ಗಾಳಿಗಿಂತ ಹೆಚ್ಚು ಮಂಗಗಳು ಬೀಳಿಸುತ್ತವೆ. ಒಬ್ಬ ಅನುಭವಿ ಮರದ ಆಚಾರಿಯನ್ನು ಕರೆದು ಪಕ್ಕಾಸು, ರೀಪು, ತೊಲೆ ಎಲ್ಲ ತಟ್ಟಿಸಿ ನೋಡಿಸಿ. ಅವರು ಬೇಡ ಅಂದ ಭಾಗಕ್ಕೆ ಹಗ್ಗ ಕಟ್ಟಿ. ಉಳಿದದ್ದು ನಿಮ್ಮ ರಂಗ.

ಆಟದ ಜಾಗದ ಮೇಲಕ್ಕೆ ಮೀನಿನ ಬಲೆ ಎರಡು ಪದರ ಬಿಗಿದು ಕಟ್ಟಿದರೆ ಸಣ್ಣ ತುಂಡುಗಳಿಗೆ ತಡೆ. ಇಡೀ ಹೆಂಚನ್ನು ಅದು ತಡೆದೀತು ಅಂತ ನಂಬಬೇಡಿ.

ಹೊಗೆಗೂಡು (ಮಂಗಳೂರು)

ಅಟ್ಟದ ಮೇಲೆ ಒಂದು ದೃಶ್ಯ ಬರೆದಾಗಿತ್ತು ಸರ್! ನಿಮ್ಮ ಮಾತು ಓದಿ ಲೇಖಕಿಗೆ ಕಳಿಸಿದೆ. ಅವರ ಉತ್ತರ: "ಆ ಪಾತ್ರ ಮೇಲೆ ಹತ್ತುವುದು ಬೇಡ. ಕೆಳಗೆ ನಿಂತು ಮೇಲೆ ನೋಡಿ ಮಾತಾಡಲಿ, ಮೇಲಿನವರು ಉತ್ತರ ಕೊಡದೇ ಇರಲಿ." ದೃಶ್ಯ ಮೊದಲಿಗಿಂತ ಚೆನ್ನಾಗಿ ಬಂದಿದೆ ಅಂತ ನನಗೆ ಕಾಣುತ್ತದೆ. ಆಚಾರಿಯನ್ನು ಈ ಭಾನುವಾರ ಕರೆದುಕೊಂಡು ಹೋಗುತ್ತೇವೆ.

ಬೆಳಕಿನ ಬಾಬ್ತು (ಮಣಿಪಾಲ)

ಕರೆಂಟು ಉಂಟಾ ಅಲ್ಲಿ? ಇಲ್ಲ ಅಂತ ಇಟ್ಟುಕೊಂಡು ಹೇಳುತ್ತೇನೆ.

ರಂಗಕ್ಕೆ ಹಾಕುವ ಹಳೇ ಪಾರ್ ಕ್ಯಾನ್ ದೀಪ ಒಂದಕ್ಕೆ ಸಾವಿರ ವ್ಯಾಟ್. ನಾಲ್ಕು ಹಾಕಿದರೆ ನಾಲ್ಕು ಸಾವಿರ, 230 ವೋಲ್ಟಿನಲ್ಲಿ ಹದಿನೇಳು ಆಂಪಿಯರ್ ದಾಟಿತು. ಪಕ್ಕದ ಮನೆಯ ಹದಿನಾರು ಆಂಪಿಯರ್ ಪ್ಲಗ್ಗಿನಿಂದ ವಯರ್ ಎಳೆದು ಮಾಡುವ ಕೆಲಸ ಅಲ್ಲ ಅದು. ಎಲ್.ಇ.ಡಿ. ಪಾರ್ ಆದರೆ ಒಂದಕ್ಕೆ ನೂರೈವತ್ತು ವ್ಯಾಟ್ ಆಸುಪಾಸು, ಆರು ಹಾಕಿದರೂ ಸಾವಿರದ ಒಳಗೆ. ಆದರೆ ಅಗ್ಗದ ಎಲ್.ಇ.ಡಿ. ಮಂದ ಮಾಡುತ್ತಾ ಹೋದರೆ ಕೊನೆಗೆ ಚಕ್ ಅಂತ ಆರುತ್ತದೆ, ಹ್ಯಾಲೋಜನ್‌ನ ಹಾಗೆ ನಿಧಾನಕ್ಕೆ ಕೆಂಪಾಗಿ ಮುಳುಗುವುದಿಲ್ಲ. ಮಸಿ ಹಿಡಿದ ಕಮಾನಿಗೆ ಆ ಕೆಂಪು ಬೇಕು. ಕಮಾನಿನ ಒಳಗೆ ಮಾತ್ರ ಒಂದು ಹ್ಯಾಲೋಜನ್ ಇಟ್ಟು ಉಳಿದದ್ದೆಲ್ಲ ಎಲ್.ಇ.ಡಿ. ಮಾಡಿಕೊಳ್ಳಿ. ಜನರೇಟರ್ ತಂದರೆ ಶೆಡ್ಡಿನ ಗಾಳಿಮರೆಯ ಬದಿ, ಆದಷ್ಟು ದೂರ. ಕರೆಂಟಿನ ಕಂಪನಿ ಮೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಸಿಗುವ ಹಾಗಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಕಂಬಗಳಿಗೆ ದೀಪ ಕಟ್ಟುವ ಮೊದಲು ಓಡಿನ ಮಾಡು ಅವರನ್ನು ಕೇಳಿ. ನಾನಾದರೆ ನೆಲದಲ್ಲಿ ಸ್ಟ್ಯಾಂಡ್ ಇಟ್ಟು ಪಕ್ಕದಿಂದ ಬೆಳಕು ಹಾಕುತ್ತೇನೆ. ಮೇಲಿನಿಂದ ಹಾಕಿದರೆ ಕಂಬಗಳೆಲ್ಲ ಚಪ್ಪಟೆ ಕಾಣುತ್ತವೆ.

ಮತ್ತೆ, ಡಿಸೆಂಬರಿನಲ್ಲಿ ನಮ್ಮಲ್ಲಿ ಆರು ಗಂಟೆ ಕಳೆಯುತ್ತಿದ್ದ ಹಾಗೆ ಸೂರ್ಯ ಮುಳುಗುತ್ತಾನೆ. ಪಡುವಣ ಬದಿ ತೆರೆದಿದೆ ಅಂದಿರಲ್ಲ, ಐದೂಮುಕ್ಕಾಲಿಗೆ ನಾಟಕ ಶುರು ಮಾಡಿದರೆ ಮೊದಲ ಅರ್ಧ ಗಂಟೆ ಲೈಟೇ ಬೇಡ. ಆದರೆ ಹಾಗೆ ಮಾಡುವುದಾದರೆ ರಿಹರ್ಸಲ್ಲೂ ಅದೇ ಹೊತ್ತಿಗೆ ಆಗಬೇಕು. ರಾತ್ರಿ ಎಂಟಕ್ಕೆ ಟ್ಯೂಬ್‌ಲೈಟಿನಲ್ಲಿ ಕಲಿತ ನಟ ಎದುರು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತರೆ ಇಡೀ ದೃಶ್ಯ ಹೋಯಿತು.

ಕುಂದಾಪ್ರದೋಳ್

ಹ್ವಾಯ್, ಸ್ವರದ್ ಕಥಿ ಯಾರೂ ಹೇಳ್ಲೇ ಇಲ್ಯಲೆ!

ನಾವು ಹಳೇ ಅಕ್ಕಿ ಮಿಲ್ಲಿನಲ್ಲಿ ಒಂದು ನಾಟಕ ಮಾಡಿದ್ದೆವು, ಆ ಅನುಭವದ ಮೇಲೆ ಹೇಳುತ್ತಿದ್ದೇನೆ. ಮೊದಲು ಶೆಡ್ಡಿನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಸದ್ದು ಎಷ್ಟು ಹೊತ್ತು ಉಳಿಯುತ್ತದೆ ಕೇಳಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಎದುರಿನ ಗೋಡೆ ಹದಿನೇಳು ಮೀಟರಿಗಿಂತ ದೂರ ಇದ್ದರೆ ನಿಮ್ಮ ಮಾತೇ ತಿರುಗಿ ಬಂದು ಬೇರೆಯಾಗಿ ಕೇಳುತ್ತದೆ. ನಿಮ್ಮದು ನಲವತ್ತು, ಹಾಗಾಗಿ ಗೂಡಿನ ಗೋಡೆಗೆ ಮುಖ ಮಾಡಿ ಆ ಕೊನೆಯಿಂದ ಕೂಗಿದರೆ ಪ್ರತಿಧ್ವನಿ ಗ್ಯಾರಂಟಿ.

ಜೋರಾಗಿ ಹೇಳಿ ಅಂತ ನಿರ್ದೇಶಕರು ಬೊಬ್ಬೆ ಹೊಡೆಯುತ್ತಾರೆ. ಜೋರು ಮಾಡಿದಷ್ಟೂ ಕಲಸುಮೇಲೋಗರ. ಕನ್ನಡದ ಮಾತೆಲ್ಲ ಸ್ವರದಲ್ಲಿ ಮುಗಿಯುವಂಥದ್ದು, ಕೊನೆಯ "ಆ", "ಏ" ಎಳೆದರೆ ಅದು ಮುಂದಿನ ಮಾತಿನ ಮೇಲೆ ಹೋಗಿ ಕೂರುತ್ತದೆ. ಕೊನೆಯನ್ನು ಕತ್ತರಿಸಿ, ಒತ್ತಕ್ಷರ ಒತ್ತಿ, ಎರಡು ವಾಕ್ಯದ ನಡುವೆ ಒಂದು ಉಸಿರು ಬಿಡಿ. ನಮ್ಮಲ್ಲಿ ತುಳು ನಾಟಕದಿಂದ ಬಂದ ಒಬ್ಬರಿದ್ದರು, ಒಳ್ಳೆಯ ನಟ, ಆದರೆ ಮೈಕ್ ಎಲ್ಲಿ ತೂಗಿದೆ ಅಂತ ಮೇಲೆ ಹುಡುಕುತ್ತಲೇ ಮಾತಾಡುವ ಅಭ್ಯಾಸ. ಅವರನ್ನು ಆ ತುದಿಯಲ್ಲಿ ನಿಲ್ಲಿಸಿ, ಈ ತುದಿಯಲ್ಲಿ ಒಬ್ಬರನ್ನು ಕೂರಿಸಿ, ಪಿಸುದನಿಯಲ್ಲಿ ಮಾತಾಡಿಸಿದೆವು. ಪಿಸುಮಾತಿನಲ್ಲಿ ವ್ಯಂಜನ ಸ್ಪಷ್ಟ ಆಗಲೇಬೇಕು, ಬೇರೆ ದಾರಿ ಇಲ್ಲ. ಆಮೇಲೆ ಅದಕ್ಕೇ ಸ್ವರ ಸೇರಿಸಿದರಾಯಿತು.

ಇನ್ನೊಂದು: ಖಾಲಿ ಶೆಡ್ಡು ಬೇರೆ, ಜನ ತುಂಬಿದ ಶೆಡ್ಡು ಬೇರೆ. ಮೈ, ಬಟ್ಟೆ ಎಲ್ಲ ಸದ್ದು ಹೀರುತ್ತವೆ. ಖಾಲಿಯಲ್ಲಿ ಸರಿಮಾಡಿದ ಸ್ವರ ಪ್ರಯೋಗದ ದಿನ ಸಪ್ಪೆ ಕೇಳಬಹುದು. ಪಡುವಣ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಿರಿ, ಸಂಜೆ ಕಡಲಗಾಳಿ ಇರುವವರೆಗೆ ಒಂದು ಬದಿಗೆ ಮಾತು ಹಾರಿಹೋಗುತ್ತದೆ, ಕತ್ತಲಾದ ಮೇಲೆ ಗಾಳಿ ಬಿದ್ದು ಮಾತು ನಿಲ್ಲುತ್ತದೆ.

ಹಾಂ, ಮಣ್ಣಿನ ಧೂಳು! ರಿಹರ್ಸಲಿಗೆ ಮೊದಲು ನೆಲಕ್ಕೆ ನೀರು ಚಿಮುಕಿಸ್ದೆ ಇದ್ರೆ ಗಂಟ್ಲ್ ಕಟ್ಟಿ ಮನೆಗ್ ಹೋಪುದೇ ಸೈ.

ಕೆಂಪುಕಲ್ಲು (ಕಾರ್ಕಳ ರಸ್ತೆ)

ಹೆಂಚಿನ ಕಾರ್ಖಾನೆ ಯಾಕೆ, ಕೆಂಪುಕಲ್ಲಿನ ಕೋರೆಯಲ್ಲಿ ಮಾಡಿ. ಪೀಟರ್ ಬ್ರೂಕ್ 1985ರಲ್ಲಿ ಮಹಾಭಾರತ ಆಡಿಸಿದ್ದು ಫ್ರಾನ್ಸಿನ ಅವಿನ್ಯೋಂ ಹತ್ತಿರದ ಕಲ್ಲಿನ ಕೋರೆಯಲ್ಲೇ. ನಮ್ಮಲ್ಲಿ ಊರಿಗೊಂದು ಬಿಟ್ಟ ಕೋರೆ ಉಂಟು.

ಓಡಿನ ಮಾಡು (ಮಂಗಳೂರು)

ನಮ್ಮ ಊರಿನ ಬಿಟ್ಟ ಕೋರೆಯಲ್ಲಿ ಡಿಸೆಂಬರಿಗೂ ನೀರು ನಿಂತಿರುತ್ತದೆ, ಬದಿಗೆ ಬೇಲಿ ಇರುವುದಿಲ್ಲ. ಕತ್ತಲೆಯಲ್ಲಿ ಎಂಬತ್ತು ಜನರನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ಬೇಡ.

ನೇಪಥ್ಯದವ (ಉಡುಪಿ)

ನನ್ನ ಹಾಲ್ ಪಕ್ಷ ಸೋಲುತ್ತಾ ಇದೆ ಅಂತ ಕಾಣುತ್ತದೆ. ಇರಲಿ. ಆದರೂ ಪ್ರೇಕ್ಷಕರನ್ನು ಎಲ್ಲಿ ಕೂರಿಸುತ್ತೀರಿ ಅಂತ ಇನ್ನೂ ಹೇಳಲಿಲ್ಲ. ಅದು ತೀರ್ಮಾನ ಆಗದೆ ರಿಹರ್ಸಲ್ ಎಂಥದ್ದು? ಯಾರಿಗೆ ಮುಖ ಮಾಡಿ ನಿಲ್ಲುವುದು ನಟ?

ಹೊಗೆಗೂಡು (ಮಂಗಳೂರು)

ಈಗ ಸ್ವಲ್ಪ ಹೇಳುವಷ್ಟು ಆಗಿದೆ. ಓದು, ಬಾಯಿಪಾಠ ಶಾಲೆಯಲ್ಲಿ ಮುಗಿಸಿ ಶೆಡ್ಡಿಗೆ ಬಂದಿದ್ದೇವೆ. ಆಚಾರಿ ಬಂದು ನೋಡಿ ಅಟ್ಟದ ಅಡಿಯ ಭಾಗ ಪೂರ್ತಿ ಬಿಡಿಸಿದರು. ಗೂಡಿನಿಂದ ಉದ್ದಕ್ಕೆ ಇಪ್ಪತ್ತೈದು ಮೀಟರ್ ಉಳಿಯಿತು. ಸಾಕು.

ಮೊದಲಿಗೆ ಅಭ್ಯಾಸಬಲದಿಂದ ಗೂಡಿನ ಎದುರು ಕುರ್ಚಿ ಸಾಲು ಹಾಕಿ ನೋಡಿದೆವು. ಕಮಾನುಗಳು ಸೀನರಿ ಪರದೆಯ ಹಾಗೆ ಹಿಂದೆ ನಿಂತವು. ಚೆಂದ ಕಂಡಿತು, ಆದರೆ ಪುರಭವನದಲ್ಲಿ ಕೂತ ಹಾಗೇ ಆಯಿತು, ಇಷ್ಟು ಕಷ್ಟಪಟ್ಟು ಇಲ್ಲಿಗೆ ಬಂದದ್ದು ಯಾಕೆ ಅಂತ ಎಲ್ಲರಿಗೂ ಅನಿಸಿತು. ಈಗ ಎರಡು ಸಾಲು ಕಂಬಗಳ ಹೊರಗೆ, ಎರಡು ಬದಿಗೂ ಬೆಂಚು. ನಡುವಿನ ಓಣಿಯಲ್ಲಿ ಆಟ. ಹೆಂಚು ಹೊತ್ತ ಗಾಡಿ ಹೋಗುತ್ತಿದ್ದ ದಾರಿಯೇ ಅದು. ಒಂದು ಬದಿಯವರು ಇನ್ನೊಂದು ಬದಿಯವರ ಮುಖ ನೋಡುತ್ತಾ ನಾಟಕ ನೋಡುತ್ತಾರೆ. ಮುಷ್ಕರದ ದೃಶ್ಯಕ್ಕೆ ಇದು ಬಹಳ ಕೂಡಿಬಂದಿದೆ, ಒಂದು ಬದಿ ಕೆಲಸಕ್ಕೆ ಹೋಗುವವರು, ಇನ್ನೊಂದು ಬದಿ ಹೋಗದವರು, ಪ್ರೇಕ್ಷಕರಿಗೆ ತಾವು ಯಾವ ಬದಿ ಕೂತಿದ್ದೇವೆ ಅಂತ ಆಗ ಗೊತ್ತಾಗುತ್ತದೆ.

ಕಷ್ಟ ಇರುವುದು ಬೆನ್ನಿನದ್ದು. ನಟ ಯಾವಾಗಲೂ ಯಾರಿಗಾದರೂ ಬೆನ್ನು ಹಾಕಿಯೇ ಇರುತ್ತಾನೆ. ನಮ್ಮ ಹಿರಿಯರೊಬ್ಬರು ಸಭೆಗೆ ಬೆನ್ನು ತೋರಿಸಬಾರದು ಅಂತ ಕಲಿತವರು, ಗಾಳಿಕೋಳಿಯ ಹಾಗೆ ಸುತ್ತುತ್ತಲೇ ಇದ್ದರು. ಬೆನ್ನಿನಲ್ಲೇ ಸಿಟ್ಟು ತೋರಿಸಿ ಅಂತ ಒಂದು ಸಂಜೆ ಪೂರ್ತಿ ಅದೇ ಮಾಡಿದೆವು. ಈಗ ಅವರು ಗೂಡಿನ ಕಡೆ ತಿರುಗಿ ನಿಂತರೆ ಸಾಕು, ಎರಡೂ ಬದಿಯವರಿಗೆ ತಿಳಿಯುತ್ತದೆ.

ಟೇಪ್ ಮಣ್ಣು ನೆಲಕ್ಕೆ ಹಿಡಿಯುವುದಿಲ್ಲ, ಸುತ್ತಲಿ ಹಗ್ಗಕ್ಕೆ ಮೊಳೆ ಹೊಡೆದು ಗುರುತು ಮಾಡಿಕೊಂಡೆವು. ರಿಹರ್ಸಲಿಗೆ ಮೊದಲು ಉದ್ದದ ಕೋಲಿನಿಂದ ಮೂಲೆಮೂಲೆ ತಟ್ಟುವ ಕೆಲಸ ಒಬ್ಬನಿಗೆ ಖಾಯಂ. ಕೊಳಕುಮಂಡಲ ಹಾವು ಒಮ್ಮೆ ಕಂಡಿದೆ, ಅದರ ಪಾಡಿಗೆ ಹೋಯಿತು. ಗಮ್‌ಬೂಟ್ ಹಾಕದೆ ಯಾರೂ ಹಿಂಬದಿಗೆ ಹೋಗುವ ಹಾಗಿಲ್ಲ.

ಬಯಲುಸೀಮೆಯಿಂದ ಬಂದವ (ಸುರತ್ಕಲ್)

ಓಣಿಯ ಏರ್ಪಾಡು ಬಹಳ ಒಳ್ಳೆಯದು. ಪ್ರೇಕ್ಷಕರನ್ನು ನಡುವೆ ಎಬ್ಬಿಸಿ ಕರೆದುಕೊಂಡು ಹೋಗುವ ಯೋಚನೆ ಉಂಟಾ? ಕೇಳಲು ಕಾರಣ ಇದೆ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರು ಕುವೆಂಪು ಅವರ "ಮಲೆಗಳಲ್ಲಿ ಮದುಮಗಳು" ಮಾಡಿದಾಗ ರಾತ್ರಿಯಿಡೀ ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಜನರೇ ನಡೆದು ಹೋಗಬೇಕಿತ್ತು. ಅಷ್ಟು ದೊಡ್ಡ ಜನಸಂದಣಿಯನ್ನು ಕತ್ತಲೆಯಲ್ಲಿ ಎಬ್ಬಿಸಿ, ನಡೆಸಿ, ಕೂರಿಸುವುದು ಅಂದರೆ ಅದೇ ಒಂದು ಬೇರೆ ನಾಟಕ. ಇಂಥ ಕಡೆ ನಟರಿಗಿಂತ ಮೊದಲು ಪ್ರೇಕ್ಷಕರ ರಿಹರ್ಸಲ್ ಮಾಡಿಸಬೇಕು ಅನ್ನುವವ ನಾನು. ಎಂಬತ್ತು ಜನರ ಜಾಗದಲ್ಲಿ ಇಪ್ಪತ್ತು ಜನರನ್ನಾದರೂ ಕರೆದು, ಗೇಟಿನಿಂದ ಬೆಂಚಿನವರೆಗೆ, ಬೆಂಚಿನಿಂದ ಹೊರಗೆ ನಡೆಸಿ ನೋಡಿ. ಕಾಲು ನೋವಿನವರು, ಮಗು ಎತ್ತಿಕೊಂಡವರು ಇರಲಿ ಅದರಲ್ಲಿ.

ಹೊಗೆಗೂಡು (ಮಂಗಳೂರು)

ಎಬ್ಬಿಸುವುದಿಲ್ಲ. ಆದರೆ ಪ್ರೇಕ್ಷಕರ ರಿಹರ್ಸಲ್ ಅಂದಿರಲ್ಲ, ಅದು ನಾವು ಕರೆಯದೆಯೇ ಶುರುವಾಗಿದೆ. ಅಕ್ಕಪಕ್ಕದ ಮನೆಯವರು ಸಂಜೆ ಬಂದು ಬೆಂಚಿನಲ್ಲಿ ಕೂರುತ್ತಾರೆ. ಮೊದಲು ನಮ್ಮ ಹುಡುಗರಿಗೆ ನಾಚಿಕೆ, ಈಗ ಅವರು ಬಾರದಿದ್ದರೆ ಬೇಜಾರು.

ಅವರಲ್ಲಿ ಒಬ್ಬರು ದೊಡ್ಡಮ್ಮ, ಇದೇ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ನಮ್ಮ ಹುಡುಗಿ ಹಸಿ ಹೆಂಚು ಎತ್ತುವ ಅಭಿನಯ ಮಾಡುತ್ತಿದ್ದಳು, ಎರಡೂ ಅಂಚು ಹಿಡಿದು, ತಟ್ಟೆ ಎತ್ತುವ ಹಾಗೆ. ದೊಡ್ಡಮ್ಮ ತುಳುವಿನಲ್ಲಿ ಬೈದೇ ಬಿಟ್ಟರು. ಹಸಿ ಹೆಂಚನ್ನು ಹಾಗೆ ಹಿಡಿದರೆ ನಡು ಬಗ್ಗಿ ಸೊಟ್ಟ ಆಗುತ್ತದೆ, ಸುಟ್ಟ ಮೇಲೆ ಮಾಡಿನಲ್ಲಿ ಕೂರುವುದಿಲ್ಲ. ಹಲಗೆಯ ಸಮೇತ ಅಡಿಗೆ ಕೈ ಕೊಟ್ಟು ಎತ್ತಬೇಕು, ಉಸಿರು ಹಿಡಿದು ಇಳಿಸಬೇಕು. ಅವರೇ ಎದ್ದು ಬಂದು ಮಾಡಿ ತೋರಿಸಿದರು. ಬರಿಗೈ, ಹೆಂಚೂ ಇಲ್ಲ ಹಲಗೆಯೂ ಇಲ್ಲ, ಭಾರ ಮಾತ್ರ ಕಂಡಿತು. ಆಮೇಲೆ ಎಲ್ಲ ಹೆಂಗಸರ ಪಾತ್ರಗಳ ನಡಿಗೆಯೇ ಬದಲಾಯಿತು, ಸೊಂಟದಿಂದ ಮೇಲೆ ಅಲುಗದ ನಡಿಗೆ. ಶಾಲೆಯ ಹಾಲ್‌ನಲ್ಲಿ ಇದು ಸಿಗುತ್ತಿರಲಿಲ್ಲ ನೇಪಥ್ಯದವರೇ. ಜಾಗದಲ್ಲಿ ರಿಹರ್ಸಲ್ ಮಾಡುವುದು ಅಂದರೆ ಗೋಡೆ ಕಂಬಗಳ ಅಭ್ಯಾಸ ಅಂತ ನಾನೂ ಅಂದುಕೊಂಡಿದ್ದೆ. ಜಾಗದ ಜೊತೆ ಅದರ ಜನರೂ ಬರುತ್ತಾರೆ.

ಕುಂದಾಪ್ರದ ಅಕ್ಕ ಹೇಳಿದ ಪಿಸುಮಾತಿನ ಅಭ್ಯಾಸ ದಿನಾ ಮಾಡುತ್ತಿದ್ದೇವೆ. ಜನ ಕೂತ ದಿನ ಸದ್ದು ಕಡಿಮೆ ಕಲಸುತ್ತದೆ ಅನ್ನುವುದೂ ನಿಜ.

ನೇಪಥ್ಯದವ (ಉಡುಪಿ)

ಆಯಿತು ಮಾರಾಯ್ರೆ, ಸೋತೆ. ಆದರೆ ಬಾಯಿಪಾಠ ಶಾಲೆಯಲ್ಲೇ ಮಾಡಿದ್ದು ಅನ್ನುವುದನ್ನು ಮರೆಯಬೇಡಿ, ಅಷ್ಟು ಮಟ್ಟಿಗೆ ನಾನೂ ಗೆದ್ದೆ.

ಪರವಾನಗಿ ಎಲ್ಲ ಆಯಿತಾ? ಬ್ರಿಟಿಷರ ಕಾಲದ 1876ರ ನಾಟಕ ಪ್ರದರ್ಶನ ಕಾಯ್ದೆ ಈಗ ರದ್ದಾಗಿದೆ, ಆದರೂ ಸ್ಥಳೀಯ ಪೊಲೀಸ್ ಠಾಣೆಗೆ ಒಂದು ಪತ್ರ ಕೊಟ್ಟಿರಿ. ಮೈಕ್ ಹಾಕುವುದಾದರೆ ಅನುಮತಿ ಬೇಕೇ ಬೇಕು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಇಲ್ಲ. ಮಾಲಕರ ಬಾಯಿಮಾತು ಸಾಲದು. ಇಂಥ ಆಸ್ತಿಗಳಿಗೆ ನಾಲ್ಕೈದು ವಾರಸುದಾರರು ಇರುತ್ತಾರೆ, ಒಬ್ಬರು ಹೌದು ಅಂದದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ದಿನಾಂಕ ಹಾಕಿಸಿ ಬರೆಸಿಕೊಳ್ಳಿ.

ಹೊಗೆಗೂಡು (ಮಂಗಳೂರು)

ಪತ್ರ ಬರೆಸಿಕೊಂಡಾಯಿತು, ಠಾಣೆಗೂ ಕೊಟ್ಟಾಯಿತು. ಮೈಕ್ ಇಲ್ಲ. ಏಳೂಮುಕ್ಕಾಲಕ್ಕೆ ನಾಟಕ ಮುಗಿಯುತ್ತದೆ.

ಮೀನುಗಾರಿಕೆ ದಕ್ಕೆ (ಮಲ್ಪೆ)

ಒಂದು ಮಾತು. ಹೊಳೆ ಬದಿ ಅಂದಿರಿ. ಉಬ್ಬರದ ಲೆಕ್ಕ ನೋಡಿದ್ದೀರಾ? ಅಳಿವೆಗೆ ಹತ್ತಿರ ಇದ್ದರೆ ಹೊಳೆಯೂ ಏರುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತಾ ಇರುತ್ತದೆ. ಇವತ್ತು ರಿಹರ್ಸಲಿನಲ್ಲಿ ಒಣ ನೆಲ ಇದ್ದ ಕಡೆ, ವಾರ ಕಳೆದು ಅದೇ ಹೊತ್ತಿಗೆ ಕೆಸರು ಇರಬಹುದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಇನ್ನೂ ಜಾಸ್ತಿ. ಪ್ರಯೋಗದ ದಿನಾಂಕಕ್ಕೆ ಉಬ್ಬರ ಎಷ್ಟು ಗಂಟೆಗೆ ಅಂತ ನೋಡಿ ಆಮೇಲೆ ಪಾಸ್ ಪ್ರಿಂಟ್ ಮಾಡಿಸಿ.

ಹೊಗೆಗೂಡು (ಮಂಗಳೂರು)

ಇದು ಯಾರೂ ಹೇಳಿರಲಿಲ್ಲ ಅಣ್ಣ. ಹೊಳೆಯ ಕಡೆಯಿಂದ ಒಂದು ಮುಖ್ಯ ಎಂಟ್ರಿ ಇದೆ, ಮೇಸ್ತ್ರಿ ದೋಣಿಯಿಂದ ಇಳಿದು ಬರುವುದು. ಕೆಲವು ಸಂಜೆ ಅಲ್ಲಿ ಪಾದ ಮುಳುಗುವಷ್ಟು ನೀರು ಯಾಕೆ ಅಂತ ತಲೆ ಕೆರೆದುಕೊಳ್ಳುತ್ತಿದ್ದೆವು. ಪಟ್ಟಿ ತೆಗೆದು ನೋಡಿದೆ. ನಾವು ಇಟ್ಟುಕೊಂಡ ಮೂರು ದಿನಗಳಲ್ಲಿ ಎರಡು ದಿನ ಇಳಿತ, ಉಳಿದ ಒಂದು ದಿನ ಆ ಹೊತ್ತಿಗೆ ನೀರು ಏರುತ್ತಾ ಇರುತ್ತದೆ. ದಿನಾಂಕ ಬದಲಿಸುವುದಿಲ್ಲ. ಮೇಸ್ತ್ರಿಯ ಎಂಟ್ರಿಯನ್ನು ಒಣ ನೆಲಕ್ಕೊಂದು, ನೀರಿಗೊಂದು, ಎರಡು ರೀತಿ ಅಭ್ಯಾಸ ಮಾಡಿಸುತ್ತೇವೆ. ನೀರಿನಲ್ಲಿ ನಡೆದು ಬರುವಾಗ ಎಂಟು ಸೆಕೆಂಡು ಹೆಚ್ಚು ಹಿಡಿಯುತ್ತದೆ, ಅಷ್ಟಕ್ಕೆ ಗುಂಪಿನವರಿಗೆ ಒಂದು ಹಾಡಿನ ಸಾಲು ಕೊಟ್ಟಿದ್ದೇವೆ.

ಚೌಕಿಮನೆ (ಕಟೀಲು ಕಡೆ)

ಈಗ ಸರಿಯಾದ ಬಯಲಾಟ ಆಯಿತು ನೋಡಿ. ನಾನು ಎರಡನೆಯ ದಿನ ಬರುತ್ತೇನೆ. ಮೊಣಗಂಟು ನೋವು, ಬೆಂಚಿನಲ್ಲಿ ಒರಗಲಿಕ್ಕೆ ಇಲ್ಲದಿದ್ದರೆ ಅಷ್ಟು ಹೊತ್ತು ಕೂರುವುದು ಕಷ್ಟ. ಕುರ್ಚಿ ಉಂಟಾ?

ಹೊಗೆಗೂಡು (ಮಂಗಳೂರು)

ಉಂಟು ಮಾಷ್ಟ್ರೆ, ಹಿರಿಯರಿಗೆ ಅಂತ ಎರಡೂ ಬದಿಗೆ ಹತ್ತು ಹತ್ತು ಕುರ್ಚಿ ಹಾಕಿಸುತ್ತೇವೆ. ಮೂಡು ಬದಿಯಲ್ಲಿ ಕೂತುಕೊಳ್ಳಿ. ಪಡು ಬದಿಯವರ ಬೆನ್ನಿಗೆ ಬಿಸಿಲು ಬೀಳುತ್ತದೆ, ಮೂರನೇ ಕಂಬದ ಹಿಂದೆ ಕೂತರೆ ಗೂಡಿನ ದೃಶ್ಯ ಅರ್ಧ ಕಾಣುವುದಿಲ್ಲ. ಗೇಟಿನಿಂದ ಒಳಗೆ ಸ್ವಲ್ಪ ಇಳಿಜಾರು, ನಮ್ಮ ಹುಡುಗ ಟಾರ್ಚ್ ಹಿಡಿದು ಬರುತ್ತಾನೆ. ಹವಾಯಿ ಚಪ್ಪಲಿ ಬೇಡ, ಬೂಟು ಹಾಕಿಕೊಂಡು ಬನ್ನಿ.